ಮಂಗಳ ಮುಗಿಯುವ ಮುನ್ನ

ಶೈಲಜಾ ಮನೆಯಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಆ ಒಂದು ಸುಳ್ಳು ಬಾಡದ ಹಾಗೆ ವಾರಕ್ಕೆರಡು ಸಲ ನೀರು ಹನಿಸಬೇಕಾಗುತ್ತಿತ್ತು.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮನೆಯ ಸೊಸೆ ಅವಳು. ಮದುವೆಯ ಹೊತ್ತಿಗೆ ಬಿ.ಕಾಂ. ಎರಡನೇ ವರ್ಷದಲ್ಲಿದ್ದಳು. ‘ಆಮೇಲೆ ಮುಗಿಸಿದರಾಯಿತು’ ಎಂದು ಎರಡೂ ಕಡೆಯ ಹಿರಿಯರು ಅಂದಿದ್ದರು. ಆ ಆಮೇಲೆ ಬರಲೇ ಇಲ್ಲ. ಮಗ ಒಂದನೇ ತರಗತಿಗೆ ಸೇರಿದ ವರ್ಷ, ಗಂಡ ಹಾಲೇಶನಿಗೆ ಊಟ ಬಡಿಸುತ್ತಾ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು.

“ಗಿರಣಿ ಆಫೀಸಿನಾಗ ನಾನೂ ಒಂದೀಟು ಹೊತ್ತು ಕುಂದರ್ಲೇನ್ರಿ? ಕಂಪ್ಯೂಟರ್ ಕಲ್ತು ಬಿಲ್ಲು ಗಿಲ್ಲು ಮಾಡ್ತೀನಿ.”

ಹಾಲೇಶ್ ತುತ್ತು ಕೈಯಲ್ಲೇ ಹಿಡಿದು ನಕ್ಕುಬಿಟ್ಟಿದ್ದ. “ಹಮಾಲರ ನಡುವ ನೀ ಕುಂತ್ರ ನೋಡಿದ ಮಂದಿ ಏನಂತಾರ? ಮನ್ಯಾಗ ನಿಂಗ ಏನ್ ಕಡಿಮಿ ಆಗೈತಿ?”

ಬೈದಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ನಗುವಿಗೆ ಏನು ಉತ್ತರ ಕೊಡುವುದು? ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಗು ಮಾತ್ರ ಮುಳ್ಳಿನ ತುದಿಯಂತೆ ಒಳಗೇ ಮುರಿದು ಉಳಿಯಿತು.

ಅದಾದ ಸ್ವಲ್ಪ ದಿನಕ್ಕೆ ರಾಮಸಾಗರದ ಆಚೆ, ಗುಡ್ಡದ ಬುಡದಲ್ಲಿ ಸಮುದಾಯ ಕಾಲೇಜು ತೆರೆಯಿತು. ಹಳೆಯ ಗೋದಾಮನ್ನು ಮೂರು ಕೋಣೆ ಮಾಡಿ, ಲೆಕ್ಕ, ಸಂಗೀತ, ಕಚೇರಿ ಕೆಲಸ ಎಂದು ಮೂರು ಸಂಜೆ ತರಗತಿ ಶುರು ಮಾಡಿದರು. ವಯಸ್ಸಿನ ಕಟ್ಟಿಲ್ಲ, ಓದು ಬಿಟ್ಟವರೂ ಸೇರಬಹುದು. ಸಂಗೀತ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಅಕ್ಕನಾಗಮ್ಮನ ಮುಖ ಅರಳಿತು.

“ಹಾಡು ಕಲಿತೀಯೇನು? ಹೋಗು, ನಾ ಹೇಳ್ತೀನಿ ಅವನಿಗೆ. ನಮ್ಮ ಮನ್ಯಾಗ ವಚನ ಹಾಡೋರು ಒಬ್ರೂ ಇಲ್ಲ.”

ಶೈಲಜಾ ‘ಹೂಂ’ ಅಂದಳು. ಬಸ್ಸು ಹತ್ತಿ ಹೋಗಿ ಕಚೇರಿ ಕೆಲಸದ ತರಗತಿಗೆ ಹೆಸರು ಬರೆಸಿದಳು. ಸೋಮವಾರ, ಗುರುವಾರ ಎರಡೂ ತರಗತಿ ಒಂದೇ ಹೊತ್ತಿಗೆ. ನಡುವಿನ ಲೆಕ್ಕದ ಕೋಣೆಗೆ ಆ ದಿನ ಬೀಗ. ಆ ಕೊನೆಯಿಂದ ಅಂಜಿನಯ್ಯ ಮಾಸ್ತರರ ಹಾರ್ಮೋನಿಯಂ, ಹೆಂಗಸರ ದನಿ, ಹಿಂಬದಿಯ ಕಿಟಕಿಗಳ ಮೂಲಕ ಈ ಕೊನೆಗೂ ಹರಿದು ಬರುತ್ತಿತ್ತು. ಶೈಲಜಾ ಕೀಲಿಮಣೆಯ ಮೇಲೆ ಬೆರಳು ಆಡಿಸುತ್ತಲೇ ಕಿವಿಯನ್ನು ಅತ್ತ ಇಟ್ಟಿರುತ್ತಿದ್ದಳು. ಯಾಕೆಂದರೆ ಮನೆಗೆ ಹೋದದ್ದೇ ಅತ್ತೆ ಕೇಳುತ್ತಿದ್ದಳು: “ಇವತ್ತೇನು ಕಲಿಸಿದ್ರು? ಹಾಡು ನೋಡಾನ.” ಕದ್ದು ಕೇಳಿದ್ದನ್ನು ಶೈಲಜಾ ದೇವರ ಮನೆಯ ಬಾಗಿಲಲ್ಲಿ ಕುಳಿತು ಹಾಡುತ್ತಿದ್ದಳು. ಅಕ್ಕನಾಗಮ್ಮ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಆ ಮುಚ್ಚಿದ ಕಣ್ಣು ನೋಡಲಾಗದೆ ಶೈಲಜಾ ದೀಪದ ಕಡೆ ಮುಖ ಮಾಡಿ ಹಾಡುತ್ತಿದ್ದಳು.

ಶ್ರಾವಣ ಬಂತು. ಕೊನೆಯ ಸೋಮವಾರ ಮಠದಲ್ಲಿ ತನ್ನ ಸೊಸೆ ಹಾಡುತ್ತಾಳೆಂದು ಅಕ್ಕನಾಗಮ್ಮ ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು. ಅಷ್ಟಕ್ಕೇ ನಿಲ್ಲಲಿಲ್ಲ. ಅದರ ಹಿಂದಿನ ವಾರ, ಯಾರಿಗೂ ಸುಳಿವು ಕೊಡದೆ, ಮಾಸ್ತರರಿಗೆ ಮರ್ಯಾದೆ ಮಾಡಬೇಕೆಂದು ಒಂದು ಬುಟ್ಟಿ ತುಂಬಾ ಬಾಳೆಹಣ್ಣು, ತೆಂಗಿನಕಾಯಿ, ದೊಡ್ಡದೊಂದು ಬೆಲ್ಲದ ಅಚ್ಚು, ಮೇಲೊಂದು ಶಾಲು ಇಟ್ಟುಕೊಂಡು ಕಾರು ಹತ್ತಿದಳು. ಡ್ರೈವರ್ ಎರ್ರೆಪ್ಪ ಅವಳನ್ನು ಕಾಲೇಜಿನ ಗೇಟಿನಲ್ಲಿ ಇಳಿಸಿ, ಚಹಾ ಕುಡಿದು ಬರುತ್ತೇನೆಂದು ಕ್ರಾಸಿನ ಕಡೆಗೆ ಕಾರು ತಿರುಗಿಸಿದ.

ಮೋಡ ಕವಿದು ಬೇಗನೇ ಮಬ್ಬು ಇಳಿದಿತ್ತು. ಪಡಸಾಲೆಯ ಮೆಟ್ಟಿಲು ಹತ್ತಿದರೆ ಮೊದಲು ಸಿಗುವುದು ಕಂಪ್ಯೂಟರ್ ಕೋಣೆ. ಒಳಗಿನಿಂದ ಯಾರೋ ವ್ಯವಹಾರದ ಪತ್ರ ಗಟ್ಟಿಯಾಗಿ ಓದುತ್ತಿದ್ದರು: ‘ಮಾನ್ಯರೇ, ತಾವು ಕಳಿಸಿದ ಸರಕು ತಲುಪಿದೆ...’ ಅಕ್ಕನಾಗಮ್ಮ ನಿಂತಳು. ಅವಳು ದಿನಾ ಕೇಳುವ ದನಿ ಅದು. ಬುಟ್ಟಿಯನ್ನು ಪಡಸಾಲೆಯಲ್ಲೇ ಇಳಿಸಿ ಬಾಗಿಲು ದೂಡಿದಳು.

ಒಳಗೆ ಮೂವರಿದ್ದರು. ಕಲಿಸುವ ಭುವನೇಶ್ವರಿ ಮೇಡಂ, ಆರು ತಿಂಗಳ ಬಸುರಿ. ದರೋಜಿಯ ಹನುಮೇಶ್, ಗಣಿಯ ತೂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದ ದಢೂತಿ ಆಳು. ಮತ್ತು ಹಾಳೆ ಹಿಡಿದು ನಿಂತ ಶೈಲಜಾ.

ಹಾಳೆ ಕೈಯಿಂದ ಜಾರಿತು. “ಅತ್ತೀ...”

“ಸಂಗೀತ ಎಲ್ಲಿ ನಡದೈತಿ?” ಅಕ್ಕನಾಗಮ್ಮ ಕೇಳಿದಳು. ಆ ಕೊನೆಯಿಂದ ಹಾರ್ಮೋನಿಯಂ ಕೇಳುತ್ತಿತ್ತು, ಆದರೂ ಕೇಳಿದಳು.

“ಆ ತುದೀ ಕೋಣ್ಯಾಗ.”

“ನೀ ಇಲ್ಲ್ಯಾಕ ಅದಿ?”

ಭುವನೇಶ್ವರಿ ಮೇಡಂ, ಒಳಗಿನ ಸಂಗತಿ ಏನೂ ತಿಳಿಯದೆ, ನಗುತ್ತಾ “ಬರ್ರೀ ಅಮ್ಮ, ಕುಂದ್ರಿ. ನಿಮ್ಮ ಸೊಸಿ ನಮ್ಮ ಕ್ಲಾಸಿಗೆ ಭಾಳ ಚುರುಕು. ಮುಂದಿನ ತಿಂಗಳು ಪರೀಕ್ಷೆ ಐತಿ” ಅಂದರು.

“ಯಾವಾಗಿಂದ ಬರ್ತಾಳ ಈ ಕ್ಲಾಸಿಗೆ?”

“ಮೊದ್ಲಿಂದನೂ...” ಮೇಡಂ ದನಿ ಅರ್ಧಕ್ಕೇ ಇಳಿಯಿತು.

ಅಕ್ಕನಾಗಮ್ಮ ಸೊಸೆಯ ಕಡೆ ತಿರುಗಿದಳು. ಸಿಟ್ಟಿನ ಮುಖವಾಗಿದ್ದರೆ ಶೈಲಜಾ ತಡೆದುಕೊಳ್ಳುತ್ತಿದ್ದಳು.

“ಹಂಗಾರ ದೇವ್ರ ಮುಂದ ಕುಂತು ನೀ ನನಗ ಹಾಡಿ ತೋರ್ಸಿದ್ದು?”

“ಆ ಕಡಿಂದ ಕೇಳಿ ಕಲ್ತಿದ್ದು, ಅತ್ತಿ.”

“ನಾ ಇಡೀ ಮಠಕ್ಕ ಹೇಳೀನಲ್ಲೇ...” ಅಂದಳು ಅಕ್ಕನಾಗಮ್ಮ. ಆಮೇಲೆ ಶೈಲಜಾಳ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. “ನಡಿ ಮನಿಗೆ. ಹಾಲೇಶನ ಮುಂದ ಮಾತಾಡು.”

ದಾರಿ ಬಿಡಲೆಂದು ಹನುಮೇಶ್ ಸರಿದು ಬಾಗಿಲು ತೆರೆದ. ಗೇಣಗಲ ತೆರೆದದ್ದನ್ನು ಹಾಗೆಯೇ, ಸದ್ದಾಗದಂತೆ, ಮುಚ್ಚಿದ. ಎರಡೂ ಅಂಗೈ ಬಾಗಿಲಿಗೆ ಒತ್ತಿ ಹಿಡಿದು ಅವರತ್ತ ತಿರುಗಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

“ಕರಡಿ,” ಅಂದ. “ಪಡಸಾಲ್ಯಾಗ. ಮರಿ ಐತಿ ಬೆನ್ನ ಮ್ಯಾಲ.”

ಕರಡಿ ಗುಡ್ಡ ಇಳಿದು ಬಾಳೆ ತೋಟಕ್ಕೆ ನುಗ್ಗುವುದು ಆ ಸೀಮೆಗೆ ಹೊಸ ಮಾತಲ್ಲ. ಕಟ್ಟಡದ ಮೆಟ್ಟಿಲು ಹತ್ತಿ ಬಂದದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬಾಗಿಲ ಸಂದಿನಿಂದ ಶೈಲಜಾ ನೋಡಿದಳು. ಕಂಬಳಿ ಹೊದ್ದ ಹಾಗೆ ಕರಿ ಕೂದಲಿನ ರಾಶಿ ಪಡಸಾಲೆಯಲ್ಲಿ ಕುಳಿತಿತ್ತು. ಬುಟ್ಟಿ ಉರುಳಿತ್ತು. ಬಾಳೆಹಣ್ಣನ್ನು ಸಿಪ್ಪೆ ಸಮೇತ ತುರುಕಿಕೊಳ್ಳುತ್ತಾ, ನಡುನಡುವೆ ಸೀಟಿಯ ಹಾಗೆ ಉಸಿರು ಎಳೆಯುತ್ತಿತ್ತು. ಬೆನ್ನಿಂದ ಇಳಿದ ಮರಿ ಶಾಲನ್ನು ಹಿಡಿದು ಜಗ್ಗುತ್ತಿತ್ತು.

“ನನ್ನ ಬುಟ್ಟಿ,” ಎಂದು ಅಕ್ಕನಾಗಮ್ಮ ಪಿಸುಗುಟ್ಟಿದಳು. “ಅಯ್ಯೋ ಶಿವನೇ, ನಾನ ತಂದಿಟ್ಟೆ.”

ಬಾಗಿಲಿಗೆ ಚಿಲಕವಿರಲಿಲ್ಲ. ಮುರಿದು ತಿಂಗಳುಗಳಾಗಿದ್ದರೂ ಯಾರೂ ಹಾಕಿಸಿರಲಿಲ್ಲ. ಹನುಮೇಶ್ ಮತ್ತು ಶೈಲಜಾ ಮೇಜೊಂದನ್ನು ನೆಲಕ್ಕೆ ಉಜ್ಜದಂತೆ ಎತ್ತಿ ಬಾಗಿಲಿಗೆ ಅಡ್ಡ ಇಟ್ಟರು. ಭುವನೇಶ್ವರಿ ಮೇಡಂ ಮೂಲೆಯಲ್ಲಿ ಕುಕ್ಕರಿಸಿ ಅರಣ್ಯ ಇಲಾಖೆಗೆ ಫೋನ್ ಹಚ್ಚಿದರು. ಅರ್ಧ ತಾಸಾದರೂ ಬೇಕು, ಸದ್ದು ಮಾಡಬೇಡಿ, ಬಾಗಿಲು ತೆಗೆಯಬೇಡಿ ಎಂದು ಆ ಕಡೆಯಿಂದ ಹೇಳಿದರು. ಶೈಲಜಾ ಎರ್ರೆಪ್ಪನಿಗೆ ಫೋನ್ ಮಾಡಿ, ಒಬ್ಬನೇ ಗೇಟಿನ ಹತ್ತಿರ ಬರಬೇಡ, ಕ್ರಾಸಿನಲ್ಲಿರುವ ಜನರನ್ನು ಕೂಡಿಸಿಕೊಂಡು, ಸಿಕ್ಕರೆ ಪಟಾಕಿ ತೆಗೆದುಕೊಂಡು ಬಾ ಎಂದಳು.

“ನಾ ಈಗ್ಲೇ ಧಣ್ಯಾರಿಗೂ ಹೇಳ್ತೀನಿ ಅಕ್ಕಾರ,” ಎಂದು ಎರ್ರೆಪ್ಪ ಕೂಗಿದ. ಬೇಡ ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಿದ್ದ.

ಹಾಲೇಶನಿಗೆ ಏನು ಹೇಳುವುದೆಂದು ಯೋಚಿಸಲೂ ಅವಳಿಗೆ ಹೊತ್ತು ಸಿಗಲಿಲ್ಲ. ಆ ಕೊನೆಯಲ್ಲಿ ಹಾರ್ಮೋನಿಯಂ ಒಂದು ಗಳಿಗೆ ನಿಂತು, ಬೇರೆ ಧಾಟಿ ಎತ್ತಿಕೊಂಡಿತು.

“ಮಂಗಳ,” ಅಂದಳು ಶೈಲಜಾ.

“ಏನು?”

“ಮಂಗಳ ಶುರು ಮಾಡಿದ್ರು. ಇದು ಮುಗೀತಂದ್ರ ಕ್ಲಾಸ್ ಮುಗೀತು. ಬಾಗಿಲು ತೆಗದು ಹೊರಗ ಬರ್ತಾರ.”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೇಡಂ ಮಾಸ್ತರರ ನಂಬರಿಗೆ ಮಾಡಿದರು, ಸ್ವಿಚ್ ಆಫ್. ಹಾಡು ಕಲಿಯಲು ಬರುವ ದುರ್ಗಕ್ಕನ ನಂಬರಿಗೆ ಮಾಡಿದರು, ಅದೂ ಹಾಗೇ. ಹಾಡುವಾಗ ಫೋನ್ ಕಂಡರೆ ಮಾಸ್ತರರಿಗೆ ಆಗದು, ಎಲ್ಲರದ್ದೂ ಬಂದ್ ಮಾಡಿಸಿ ಒಂದು ಚೀಲಕ್ಕೆ ಹಾಕಿಸುತ್ತಿದ್ದರು. ಅಲ್ಲಿ ಏಳೆಂಟು ಹೆಂಗಸರು, ಮತ್ತು ದುರ್ಗಕ್ಕನ ಮೊಮ್ಮಗಳು ಐಶ್ವರ್ಯ. ಆ ಹುಡುಗಿಗೆ ಹಾಡಿನ ಕೊನೆಯ ಸಾಲೆಂದರೆ ಬೆಲ್ಲು ಹೊಡೆದ ಹಾಗೆ. ದಿನಾ ಎಲ್ಲರಿಗಿಂತ ಮೊದಲು ಬಾಗಿಲು ತಳ್ಳಿಕೊಂಡು ಓಡಿ ಬರುವವಳು ಅವಳೇ.

“ಕೂಗಿ ಹೇಳಾನೇನು?” ಎಂದರು ಮೇಡಂ.

“ಬ್ಯಾಡ್ರಿ,” ಹನುಮೇಶ್ ತಲೆಯಾಡಿಸಿದ. “ನಮ್ಮ ಕಾಕಾನ ಮಾರಿ ಹರದಿದ್ದು ಹಿಂಗ ಮರಿ ಇದ್ದ ಕರಡೀನ. ಬೆದರಿದ್ರ ಎದುರಿಗೆ ಸಿಕ್ಕೋರ ಮ್ಯಾಲ ಬರ್ತೈತಿ. ಮತ್ತ ನಾವು ಕೂಗಿದ್ರ ಅವರು ಏನಾತಂತ ನೋಡಾಕ ಬಾಗಿಲು ತಗದ ತಗೀತಾರ.”

ಶೈಲಜಾ ಹಿಂಗೋಡೆಯತ್ತ ನೋಡಿದಳು. ಏಸಿ ಕೂಡಿಸುತ್ತೇವೆಂದು ಅಲ್ಲಿನ ಕಿಟಕಿಯ ಸರಳು ಕಿತ್ತು, ಏಸಿ ಬಾರದೇ ಹೋದದ್ದಕ್ಕೆ ಹಲಗೆ ಬಡಿದಿದ್ದರು. ಹಲಗೆಯ ಒಂದು ಮೂಲೆ ಆಗಲೇ ಎದ್ದಿತ್ತು. ಹನುಮೇಶನಿಗೆ ಅವಳ ಮನಸ್ಸಿನಲ್ಲಿರುವುದು ತಿಳಿಯಿತು. ಹೋಗಿ ಹಲಗೆಗೆ ಬೆರಳು ಹಾಕಿ, ಮೊಳೆ ಕಿರುಗುಟ್ಟದಂತೆ ಒಂದೊಂದೇ ಬಿಡಿಸಿದ. ಕಿಂಡಿ ಅವನ ಭುಜಕ್ಕೆ ಅರ್ಧವೂ ಇರಲಿಲ್ಲ. ಮೇಡಂ ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತಲೆ ತಗ್ಗಿಸಿದರು.

ಶೈಲಜಾ ಸೆರಗು ಸುತ್ತಿ ಸೊಂಟಕ್ಕೆ ಬಿಗಿದಳು.

“ಬ್ಯಾಡ,” ಅಕ್ಕನಾಗಮ್ಮ ಅವಳ ತೋಳು ಹಿಡಿದಳು. “ಹುಚ್ಚಿ, ಮನ್ಯಾಗ ಮಗ ಅದಾನ. ನೀ ಹೋಗಬ್ಯಾಡ.”

“ಅಲ್ಲೂ ಒಂದು ಕೂಸು ಐತಿ, ಅತ್ತಿ.”

ಅಷ್ಟರಲ್ಲಿ ಬಾಗಿಲಿಗೆ ಏನೋ ತಾಕಿತು. ಮರಿ ಕೆಳಗಿನ ಸಂದಿಗೆ ಮೂತಿ ಹಚ್ಚಿ ಮೂಸುತ್ತಿತ್ತು. ಮೇಜು ಬೆರಳಗಲ ಸರಿಯಿತು. ಹನುಮೇಶ್ ಓಡಿ ಬಂದು ಒತ್ತಿ ಹಿಡಿದ. ಅಕ್ಕನಾಗಮ್ಮ ಸೊಸೆಯ ತೋಳು ಬಿಟ್ಟಳು. ಮಂಡಿ ನೋವಿನ ಆ ಹೆಂಗಸು ಗೋಡೆ ಹಿಡಿದು ನಿಧಾನಕ್ಕೆ ನೆಲಕ್ಕೆ ಕುಳಿತು, ತನ್ನ ಅಗಲವಾದ ಬೆನ್ನನ್ನು ಮೇಜಿನ ಕಾಲಿಗೆ ಕೊಟ್ಟು, ಎರಡೂ ಪಾದ ನೆಲಕ್ಕೆ ಊರಿದಳು.

“ಹೋಗು,” ಅಂದಳು, ಸೊಸೆಯ ಮುಖ ನೋಡದೆ. “ಹೆಜ್ಜಿ ನೋಡಿ ಇಡು.”

ಕಿಂಡಿಯಲ್ಲಿ ತಲೆ, ಒಂದು ಭುಜ, ಆಮೇಲೆ ಇನ್ನೊಂದು ಭುಜ. ಮೊಳೆಯೊಂದು ಕುಪ್ಪಸ ಸೀಳಿ ಬೆನ್ನಿಗೆ ಗೀರಿತು. ಹೊರಗೆ ಜಿಗಿದಾಗ ಕಾಲ ಕೆಳಗೆ ಜಾಲಿಯ ಟೊಂಗೆ. ಮುಳ್ಳು ಅಂಗಾಲಿಗೆ ಇಳಿಯಿತು. ಅವಳು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೂಗನ್ನು ಅಲ್ಲೇ ಕಚ್ಚಿದಳು.

ಮಂಗಳದ ಎರಡನೇ ನುಡಿ ಮುಗಿಯುತ್ತಿತ್ತು. ಅವಳಿಗೆ ಅದರ ಒಂದೊಂದು ತಿರುವೂ ಗೊತ್ತು. ಮೂರನೇ ನುಡಿಗೆ ಮಾಸ್ತರರು ವೇಗ ಏರಿಸುತ್ತಾರೆ. ಕೊನೆಯ ಸಾಲನ್ನು ಎರಡು ಸಲ ಎಳೆದು ನಿಲ್ಲಿಸುತ್ತಾರೆ. ಗೋಡೆಗೆ ಕೈ ಹಚ್ಚಿ ಕುಂಟುತ್ತಾ ಓಡಿದಳು. ಬೀಗ ಹಾಕಿದ ಲೆಕ್ಕದ ಕೋಣೆ ಮುಗಿಯುವುದೇ ಇಲ್ಲವೇನೋ ಅನ್ನಿಸಿತು.

ಸಂಗೀತದ ಕೋಣೆಯ ಕಿಟಕಿಗೆ ಗಟ್ಟಿ ಸರಳು. ಸೊಳ್ಳೆಗೆಂದು ಅದರ ಮರದ ಕದದ ಪಡಕು ಮುಚ್ಚಿದ್ದರು. ಉಗುರಿನಿಂದ ಕೆರೆದಳು, ಬೆರಳ ಗೆಣ್ಣಿನಿಂದ ಬಡಿದಳು. ಒಳಗೆ ಹಾಡು ಮೂರನೇ ನುಡಿಗೆ ಏರಿತ್ತು, ಚಪ್ಪಾಳೆಯ ತಾಳದಲ್ಲಿ ಅವಳ ಬಡಿತ ಕರಗಿಹೋಯಿತು. ಕೊನೆಗೆ ಪಡಕಿನ ಸಂದಿಗೆ ಬೆರಳು ತೂರಿ ಎಳೆದಳು. ಅದು ಒಮ್ಮೆಲೇ ತೆರೆದುಕೊಂಡಿತು.

ಕಿಟಕಿಗೆ ಬೆನ್ನು ಕೊಟ್ಟು ಕುಳಿತಿದ್ದವಳು ದುರ್ಗಕ್ಕ. ತಿರುಗಿ ನೋಡಿದಳು. ಸರಳಿನಾಚೆ ಕೆದರಿದ ಕೂದಲು, ಬಾಯಲ್ಲಿ ಸೆರಗು, ಒಂದು ಹೆಣ್ಣಿನ ಮುಖ. ಮುದುಕಿಯ ಬಾಯಿ ಕಿರುಚಲು ತೆರೆಯಿತು.

“ನಾನು ಶೈಲಜಾ, ಕಂಪ್ಯೂಟರ್ ಕ್ಲಾಸಿನಾಕಿ,” ಎಂದು ಶೈಲಜಾ ಸೆರಗು ಉಗುಳಿ ಸರಳಿಗೆ ಮುಖ ಒತ್ತಿದಳು. “ಪಡಸಾಲ್ಯಾಗ ಕರಡಿ ಐತಿ. ಬಾಗಿಲು ತಗೀಬ್ಯಾಡ್ರಿ. ಹಾಡು ನಿಲ್ಲಿಸಬ್ಯಾಡ್ರಿ ಯಕ್ಕಾ, ಹಾಡ್ತಾನ ಇರ್ರಿ.”

ದುರ್ಗಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಗಳಿಗೆಯಲ್ಲೇ ಕೊನೆಯ ಸಾಲು ಎರಡನೇ ಸಲ ಮುಗಿಯಿತು. ಹಾರ್ಮೋನಿಯಂ ಉಸಿರು ಬಿಟ್ಟಿತು. ಐಶ್ವರ್ಯ ಎದ್ದು ಜಿಗಿದು ಬಾಗಿಲಿಗೆ ತಲುಪಿ ಅಗುಳಿಗೆ ಕೈ ಹಾಕಿಯೇಬಿಟ್ಟಿದ್ದಳು.

ದುರ್ಗಕ್ಕ ಎಲ್ಲಿಂದ ಆ ಕಸುವು ತಂದಳೋ. ಕುಳಿತವರ ಮೇಲೆ ಬಿದ್ದು ಎದ್ದು ಹೋಗಿ ಮೊಮ್ಮಗಳ ಜಡೆ ಹಿಡಿದು ಹಿಂದಕ್ಕೆ ಎಳೆದಳು. ಅಗುಳಿ ಅರ್ಧ ಸರಿದಿತ್ತು. ಹುಡುಗಿ ಅಳಲು ಬಾಯಿ ತೆರೆದಾಗ ಅದನ್ನು ತನ್ನ ಎದೆಗೆ ಒತ್ತಿಕೊಂಡು, ಮಾಸ್ತರರ ಕಡೆ ತಿರುಗಿ, “ಮತ್ತ ಎತ್ಕೊಳ್ರಿ! ಮೊದ್ಲಿಂದ ಎತ್ಕೊಳ್ರಿ! ಹೊರಗ ಕರಡಿ ಬಂದೈತಂತ!” ಎಂದಳು.

ಅಂಜಿನಯ್ಯ ಮಾಸ್ತರರು ಬಾಗಿಲು ನೋಡಿದರು, ಕಿಟಕಿಯ ಮುಖ ನೋಡಿದರು. ಕೈಯನ್ನು ಮತ್ತೆ ಹಾರ್ಮೋನಿಯಂ ಮಣೆಗಳ ಮೇಲೆ ಇಟ್ಟರು. ಮಂಗಳ ಮತ್ತೆ ಮೊದಲಿನಿಂದ ಶುರುವಾಯಿತು. ಹೆಂಗಸರ ದನಿ ಒಡೆಯುತ್ತಿತ್ತು, ಶ್ರುತಿ ಎಲ್ಲೋ, ತಾಳ ಎಲ್ಲೋ. ಯಾರೂ ನಿಲ್ಲಿಸಲಿಲ್ಲ. ಒಬ್ಬಳು ಹಾಡುತ್ತಲೇ ಹೋಗಿ ಅಗುಳಿಯನ್ನು ಪೂರ್ತಿ ಹಾಕಿ ಬಂದಳು.

ಅಗುಳಿ ಬಿದ್ದದ್ದನ್ನು ಶೈಲಜಾ ನೋಡಿದಳು. ಸರಳು ಹಿಡಿದು ನಿಂತಳು. ಇನ್ನು ವಾಪಸು ಹೋಗಬೇಕು ಅಂದುಕೊಂಡು ಮುಖ ತಿರುಗಿಸಿದಾಗ ಅದೇ ಸೀಟಿಯಂಥ ಉಸಿರು ಕೇಳಿಸಿತು. ಈ ಸಲ ಹತ್ತಿರದಲ್ಲಿ.

ಕರಡಿ ಬುಟ್ಟಿ ಮುಗಿಸಿ ಗುಡ್ಡದ ದಾರಿ ಹಿಡಿದಿತ್ತು. ಆ ದಾರಿ ಕಟ್ಟಡದ ಹಿಂದಿನಿಂದಲೇ ಹೋಗುತ್ತಿತ್ತು.

ಮೂಲೆಯಲ್ಲಿ ಅದು ನಿಂತಿತು. ಮರಿ ಬೆನ್ನಿನ ಮೇಲೆ ಕೂದಲು ಹಿಡಿದು ಅಂಟಿಕೊಂಡಿತ್ತು. ಕರಡಿ ಮುಂಗಾಲು ಎತ್ತಿ ಎದ್ದು ನಿಂತು, ಗಾಳಿಯಲ್ಲಿ ಮೂತಿ ಆಡಿಸಿತು. ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಶೈಲಜಾ ನಿಂತಿದ್ದಳು. ಓಡಲು ಜಾಗವಿರಲಿಲ್ಲ. ಒಂದು ಕಡೆ ಮುಳ್ಳು, ಒಂದು ಕಡೆ ಗೋಡೆ. ಅವಳು ಉಸಿರು ಹಿಡಿದಳು. ಬೆನ್ನ ಮೇಲಿನ ಗೀರಿನಿಂದ ಬಿಸಿ ನೆತ್ತರು ಸೊಂಟಕ್ಕೆ ಇಳಿಯುವುದು ತಿಳಿಯುತ್ತಿತ್ತು. ಮಗನ ಸಮವಸ್ತ್ರ ಇಸ್ತ್ರಿ ಮಾಡಿಲ್ಲ ಎಂಬ ಯೋಚನೆ, ಯಾವ ಸಂಬಂಧವೂ ಇಲ್ಲದೆ, ಬಂದು ಹೋಯಿತು. ಸರಳಿನ ಒಳಗಿನಿಂದ ಒಂದು ಒರಟು ಕೈ ಬಂದು ಅವಳ ಕೈಯನ್ನು ಹಿಡಿಯಿತು. ದುರ್ಗಕ್ಕ ಹಾಡುತ್ತಲೇ ಹಿಡಿದಿದ್ದಳು.

ರಸ್ತೆಯ ಕಡೆಯಿಂದ ಕಾರಿನ ಹಾರನ್ ಮೊಳಗಿತು. ಹಿಂದೆಯೇ ಡಬ್ಬಿ ಬಡಿಯುವ ಸದ್ದು, ಜನರ ಕೂಗು, ಪಟಾಕಿ. ಕರಡಿ ಧೊಪ್ಪನೆ ನಾಲ್ಕು ಕಾಲಿಗೆ ಬಿದ್ದು ಓಡಿತು. ಓಡಿದ್ದು ನೇರ ಅವಳ ಕಡೆಗೇ. ಶೈಲಜಾ ಕಣ್ಣು ಮುಚ್ಚಿದಳು. ಕೊಳೆತ ಎಲೆಯಂಥ ಒಂದು ನಾತ, ಕಾಲಿಗೆ ಸಿಡಿದ ಮಣ್ಣು, ಅಷ್ಟೇ. ಕಣ್ಣು ತೆರೆದಾಗ ಬಂಡೆಗಳ ನಡುವೆ ಕಲ್ಲು ಉರುಳುವ ಸದ್ದು ಮೇಲೆ ಮೇಲೆ ಹೋಗುತ್ತಿತ್ತು.

ಜನ ಬ್ಯಾಟರಿ ಹಿಡಿದು ಅಂಗಳ ತುಂಬಿದರು. ಸಂಗೀತದ ಕೋಣೆಯ ಹೆಂಗಸರು ಹೊರಗೆ ಬಂದು ಶೈಲಜಾಳ ಮುಖ, ತಲೆ ಸವರಿ ಅತ್ತರು. ಅವಳು ಕುಂಟುತ್ತಾ ಕಂಪ್ಯೂಟರ್ ಕೋಣೆಗೆ ಹೋದಳು. ಮೇಜು ಸರಿಸಿಯಾಗಿತ್ತು. ಅಕ್ಕನಾಗಮ್ಮ ಇನ್ನೂ ನೆಲದಲ್ಲೇ ಇದ್ದಳು, ಮಂಡಿ ಹಿಡಿದುಕೊಂಡು ಏಳಲಾಗಿರಲಿಲ್ಲ. ಶೈಲಜಾ ಬಗ್ಗಿ ಕೈ ಚಾಚಿದಳು. ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹರಿದ ಕುಪ್ಪಸ ನೋಡಿದಳು, ಕಾಲು ನೋಡಿದಳು. ನೋಡಿ, ಹನುಮೇಶನ ಕೈ ಹಿಡಿದು ಎದ್ದಳು.

ಅರಣ್ಯ ಇಲಾಖೆಯ ಜೀಪಿನ ಹಿಂದೆಯೇ ಹಾಲೇಶನ ಬೈಕು ಬಂತು. ತಾಯಿಯನ್ನು, ಹೆಂಡತಿಯನ್ನು ನೋಡಿ ಅವನು ಬೈಕು ಬಿಟ್ಟು ಓಡಿ ಬಂದ. ಜನ ತಲೆಗೊಂದು ಮಾತು ಹೇಳಿದರು. ಕಂಪ್ಯೂಟರ್ ಕೋಣೆಯ ಕಿಂಡಿಯಿಂದ ಜಿಗಿದಳು ಅಂದರು, ಸಂಗೀತದವರ ಜೀವ ಉಳಿಸಿದಳು ಅಂದರು.

“ಕಂಪ್ಯೂಟರ್ ಕೋಣ್ಯಾಗ ನಿಂದೇನು ಕೆಲಸ?” ಹಾಲೇಶ್ ಹುಬ್ಬು ಗಂಟಿಕ್ಕಿದ. “ನೀ ಹಾಡಿನ ಕ್ಲಾಸಿನಾಗ ಇರಬೇಕಾಗಿತ್ತಲ್ಲ?”

ಶೈಲಜಾ ಬಾಯಿ ತೆರೆಯುವ ಮೊದಲೇ ಅಕ್ಕನಾಗಮ್ಮನ ದನಿ ಬಂತು. “ನಾನ ಕರದಿದ್ದೆ. ಮೇಡಂನ ಮಾತಾಡ್ಸಾನಂತ ಒಳಗ ಹೋದೆ, ಈಕೀನೂ ನನ್ನ ಕೂಡ ಬಂದ್ಲು. ಅಷ್ಟರಾಗ ಅದು ಬಂತು.”

ಶೈಲಜಾ ಅತ್ತೆಯತ್ತ ನೋಡಿದಳು. ಅಕ್ಕನಾಗಮ್ಮ ಎಲ್ಲೋ ದೂರ ನೋಡುತ್ತಿದ್ದಳು. ಆ ಸುಳ್ಳನ್ನು ಹಿಡಿದು ದಾಟಿಬಿಡಬಹುದಿತ್ತು. ಆದರೆ ನಾಳೆಯಿಂದ ನೀರು ಹನಿಸುವ ಕೆಲಸಕ್ಕೆ ಇಬ್ಬರು ಬೇಕಾಗುತ್ತಿದ್ದರು.

“ಅಲ್ರಿ,” ಅಂದಳು ಗಂಡನಿಗೆ. “ನಾ ಹಾಡಿನ ಕ್ಲಾಸಿಗೆ ಒಂದಿನಾನೂ ಹೋಗಿಲ್ಲ. ಆಫೀಸ್ ಕೆಲಸ ಕಲಿಯಾಕ ಬರ್ತಿದ್ದೆ. ಅತ್ತಿಗೂ ಗೊತ್ತಿದ್ದಿಲ್ಲ, ಇವತ್ತ ಗೊತ್ತಾತು.”

ಸುತ್ತ ಜನರಿದ್ದರು. ಹಾಲೇಶ್ ದನಿ ಏರಿಸಲಿಲ್ಲ. “ಮನಿಗೆ ನಡಿ,” ಅಂದ.

ಕಾಲಿನ ಮುಳ್ಳು ತೆಗೆಸಿ, ಇಂಜೆಕ್ಷನ್ ಹಾಕಿಸಿಕೊಂಡು ಮನೆ ಮುಟ್ಟಿದ ಮೇಲೆ ಕೋಣೆಯಲ್ಲಿ ಅವನು ಕೇಳಿದ: “ನನಗ ಒಂದು ಮಾತು ಕೇಳಿದ್ರ ನಾ ಬ್ಯಾಡ ಅಂತಿದ್ನೇನು?”

“ಕೇಳಿದ್ದೆ. ನೀವು ನಕ್ಕಿದ್ರಿ.”

“ಯಾವಾಗ?”

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಶೈಲಜಾಳಿಗೆ ಅದನ್ನು ನೋಡಿ ಸಿಟ್ಟಿಗಿಂತ ಹೆಚ್ಚು ಆಯಾಸವಾಯಿತು. ಬಡಿಸಿದ ಊಟ, ಕೇಳಿದ ಮಾತು, ಎಲ್ಲ ಬಿಡಿಸಿ ಹೇಳಿದಳು. ಹಾಲೇಶ್ ಹಾಸಿಗೆಯ ತುದಿಯಲ್ಲಿ ಕುಳಿತು ಕೇಳಿದ. “ನಾ ಸುಮ್ನ ಚಾಷ್ಟಿಗೆ ಅಂದಿರಬೇಕು” ಅಂದ.

ಅಕ್ಕನಾಗಮ್ಮ ಮಾತು ಬಿಟ್ಟಳು. ಮಗನ ಮುಂದೆ ಸೊಸೆಯನ್ನು ಕಾಯಲು ಹೋದವಳು ಸೊಸೆಯೊಂದಿಗೆ ಮಾತ್ರ ಒಂದು ಶಬ್ದ ಆಡಲಿಲ್ಲ. ಬೇಕಾದ್ದನ್ನು ಮೊಮ್ಮಗನ ಕೈಲಿ ಹೇಳಿಸುತ್ತಿದ್ದಳು. ಶ್ರಾವಣದ ಕೊನೆಯ ಸೋಮವಾರ ಒಬ್ಬಳೇ ಮಠಕ್ಕೆ ಹೋಗಿ ಬಂದಳು. ಅಲ್ಲಿ ಹೆಂಗಸರು ‘ಎಲ್ಲಿ ನಿಮ್ಮ ಸೊಸಿ, ಹಾಡ್ತಾಳ ಅಂದಿದ್ರಿ’ ಎಂದು ಕೇಳಿದ್ದರಂತೆ. ‘ನನ್ನ ಸೊಸಿಗೆ ಹಾಡು ಬರೂದಿಲ್ಲ, ನಾ ತಪ್ಪು ತಿಳಕೊಂಡಿದ್ದೆ’ ಎಂದಳಂತೆ. ಇದನ್ನು ಶೈಲಜಾಳಿಗೆ ಹೇಳಿದ್ದು ಪಕ್ಕದ ಮನೆಯವರು. ಅವತ್ತು ಅವಳು ಒಲೆಯ ಮುಂದೆ ನಿಂತು ಬಹಳ ಹೊತ್ತು ಅತ್ತಳು. ಕರಡಿಯ ಮುಂದೆ ನಿಂತಾಗ ಬಾರದ ಅಳು ಅದು.

ಮರುದಿನ ಅತ್ತೆ ಹಿತ್ತಲಲ್ಲಿ ಕುಳಿತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಶೈಲಜಾ ಹೋಗಿ ಎದುರು ಕುಳಿತಳು. ಎಣ್ಣೆಯ ಬಟ್ಟಲು ತನ್ನ ಕಡೆ ಎಳೆದುಕೊಂಡು ಅತ್ತೆಯ ಕಾಲು ಹಿಡಿದಳು. ಅಕ್ಕನಾಗಮ್ಮ ಕಾಲು ಎಳೆದುಕೊಳ್ಳಲಿಲ್ಲ.

“ತಪ್ಪಾತು ಅತ್ತಿ. ನಿಮ್ಮ ಮುಂದ ಸುಳ್ಳು ಹಾಡಬಾರದಿತ್ತು.”

ಅಕ್ಕನಾಗಮ್ಮ ಬೇಲಿಯತ್ತ ನೋಡುತ್ತಾ ಕುಳಿತಿದ್ದಳು. ಒಂದು ಮಂಡಿ ಮುಗಿದು ಇನ್ನೊಂದಕ್ಕೆ ಕೈ ಹೋದಾಗ ಕೇಳಿದಳು:

“ನನಗರ ಯಾಕ ಹೇಳಲಿಲ್ಲ? ಅವ ನಕ್ಕ, ಖರೆ. ನಾ ನಕ್ಕಿದ್ನೇನು?”

ಅತ್ತೆಯನ್ನು ಕೇಳಬಹುದೆಂದು ಶೈಲಜಾಳಿಗೆ ಎಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

“ಪರೀಕ್ಷಿ ಯಾವತ್ತು?” ಅತ್ತೆಯೇ ಮುಂದುವರಿಸಿದಳು.

“ಮುಂದಿನ ಶನಿವಾರ. ಹೊಸಪೇಟ್ಯಾಗ.”

“ಎರ್ರೆಪ್ಪಗ ಹೇಳ್ತೀನಿ. ಕುಂಟು ಕಾಲಾಗ ಬಸ್ಸು ಹತ್ತಬ್ಯಾಡ. ಗಟ್ಟಿ ಒತ್ತು, ಅಲ್ಲಿ ಅಲ್ಲ, ಕೆಳಗ.”

ಶೈಲಜಾ ಪರೀಕ್ಷೆ ಬರೆದಳು, ಪಾಸಾದಳು. ಆ ಹೊತ್ತಿಗೆ ಹಾಲೇಶ್, ಎಲ್ಲ ಇಲ್ಲಿಗೇ ಬಗೆಹರಿಯಲಿ ಎಂಬಂತೆ, “ಅಷ್ಟಿದ್ರ ಗಿರಣಿಗೇ ಬಾ, ಒಂದು ಕುರ್ಚಿ ಹಾಕಿಸ್ತೀನಿ” ಅಂದ. ಅವಳು ಒಂದು ರಾತ್ರಿ ಯೋಚಿಸಿ, ಈಗ ಬೇಡ, ಮೊದಲು ಬೇರೆಯವರ ಬಳಿ ಮಾಡಿ ನೋಡುತ್ತೇನೆ ಅಂದಳು. ಭುವನೇಶ್ವರಿ ಮೇಡಂ ಹೇಳಿದ್ದರಿಂದ ಹೊಸಪೇಟೆಯ ಬೀಜ ಮಾರುವವರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹಾಲೇಶನಿಗೆ ಅದು ಇವತ್ತಿಗೂ ಪೂರ್ತಿ ಒಗ್ಗಿಲ್ಲ. ಮನೆಗೆ ಬಂದ ನೆಂಟರು ಸೊಸೆ ಎಲ್ಲಿ ಎಂದು ಕೇಳಿದರೆ, “ಹಿಂಗ ಟೈಂಪಾಸಿಗೆ ಹೊಸಪೇಟಿಗೆ ಹೋಗಿ ಬರ್ತಾಳ” ಎಂದು ತೇಲಿಸುತ್ತಾನೆ.

ಆಗ ಒಳಗಿನಿಂದ, ಎಷ್ಟೇ ದೂರದಲ್ಲಿದ್ದರೂ, ಅಕ್ಕನಾಗಮ್ಮನ ದನಿ ಬರುತ್ತದೆ.

“ಟೈಂಪಾಸ್ ಅಲ್ಲಲೇ, ನೌಕರಿಗೆ ಹೋಗ್ತಾಳ.”